ಎರಡು ಕತ್ತಲೆಗಳು

ದೇವರು ಕರುಣಾಸಮುದ್ರನೆಂದು ಸಾರುವ ಮತಗಳೆಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಒಂದು ಕಠಿಣವಾದ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಆ ಸಮುದ್ರಕ್ಕೆ ದಡವುಂಟೆ? ಕಡೆಯವರೆಗೂ ತಿದ್ದಿಕೊಳ್ಳದ ಪಾಪಿಗೆ ಕೊನೆಯಿಲ್ಲದ ನರಕವೇ ಗತಿಯೆ, ಅಥವಾ ಎಷ್ಟು ಕಾಲ ಕಳೆದಾದರೂ ಅವನೂ ಮನೆ ಸೇರುವನೆ? ಕ್ರೈಸ್ತರಲ್ಲಿ ಈ ವಾದ ಸುಮಾರು ಹದಿನೆಂಟು ಶತಮಾನಗಳಿಂದ ನಡೆದುಬಂದಿದೆ, ಇನ್ನೂ ಮುಗಿದಿಲ್ಲ. ಅದು ಅವರ ಮನೆಯ ಜಗಳ, ಪುನರ್ಜನ್ಮವನ್ನು ನಂಬಿದ ನಮಗೆ ಅದರ ಗೊಡವೆಯೇಕೆ ಎನ್ನುವವರುಂಟು. ಆ ಎಣಿಕೆ ಸರಿಯಲ್ಲ. ಅದೇ ಪ್ರಶ್ನೆ ತಿಳಿಗನ್ನಡದಲ್ಲಿ, ನಮ್ಮ ಸಿರಿಗೇರಿಯ ಕಡೆಯಿಂದ ತುಂಗಭದ್ರೆಯನ್ನು ದಾಟಿ ಹೋದರೆ ಸಿಕ್ಕುವ ಮಾನ್ವಿಯಲ್ಲಿ, ಒಂದು ದೊಡ್ಡ ಕಾವ್ಯದೊಳಗೆ ಹುದುಗಿಕೊಂಡು ಕುಳಿತಿದೆ. ಜಗನ್ನಾಥದಾಸರ ‘ಹರಿಕಥಾಮೃತಸಾರ’ವೇ ಆ ಕಾವ್ಯ. ಅದನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಓದಿನೋಡುವುದು ಈ ಲೇಖನದ ಉದ್ದೇಶ.

ಮೊದಲು ಕ್ರೈಸ್ತರ ವಾದದ ಸ್ವರೂಪವನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಮೂರನೆಯ ಶತಮಾನದ ಒರಿಜೆನ್ ಎಂಬ ಅಲೆಕ್ಸಾಂಡ್ರಿಯದ ಪಂಡಿತ, ದೇವರ ಬೆಂಕಿ ವೈದ್ಯನ ಕಾಯಿಸಿದ ಸಲಾಕೆಯಂತೆ ಗುಣಪಡಿಸುವುದಕ್ಕಾಗಿಯೇ ಇರುವುದು, ಕೊನೆಗೆ ಎಲ್ಲ ಜೀವರೂ ತಮ್ಮ ಮೂಲಕ್ಕೆ ಮರಳುವರು ಎಂದು ಬೋಧಿಸಿದ. ಅವನ ತರುವಾಯ ನಿಸ್ಸದ ಗ್ರೆಗರಿ ಆ ಬೆಂಕಿಯನ್ನು ಚಿನ್ನ ಪುಟವಿಡುವ ಬೆಂಕಿಗೆ ಹೋಲಿಸಿದ. ಇದನ್ನು ಖಂಡಿಸಿದವನು ಅಗಸ್ಟೀನ್. ಸುವಾರ್ತೆಯ ಒಂದೇ ವಾಕ್ಯದಲ್ಲಿ ಸಜ್ಜನರ ಜೀವಕ್ಕೂ ದುರ್ಜನರ ದಂಡನೆಗೂ ಒಂದೇ ವಿಶೇಷಣವಿದೆ. ದಂಡನೆಗೆ ಕೊನೆಯಿದೆಯೆಂದರೆ ಜೀವಕ್ಕೂ ಕೊನೆಯಿದೆಯೆಂದು ಒಪ್ಪಬೇಕಾಗುತ್ತದೆ ಎಂಬುದು ಅವನ ಗಟ್ಟಿಯಾದ ವಾದ. 553ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸೇರಿದ ಮಹಾಸಭೆ ಒರಿಜೆನ್ನನ ಹೆಸರನ್ನು ಪಾಷಂಡಿಗಳ ಸಾಲಿಗೆ ಸೇರಿಸಿತು. ಆದರೂ ಪ್ರಶ್ನೆ ಸಾಯಲಿಲ್ಲ. 1853ರಲ್ಲಿ ಎಫ್. ಡಿ. ಮಾರಿಸ್ ಎಂಬ ಆಂಗ್ಲ ಪಾದ್ರಿ ನಿತ್ಯನರಕವನ್ನು ಶಂಕಿಸಿದ್ದಕ್ಕಾಗಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಅಧ್ಯಾಪಕ ಪೀಠವನ್ನು ಕಳೆದುಕೊಂಡ. 2019ರಲ್ಲಿ ಡೇವಿಡ್ ಬೆಂಟ್ಲಿ ಹಾರ್ಟ್ ಎಂಬ ಅಮೆರಿಕದ ವಿದ್ವಾಂಸ, ಎಲ್ಲರೂ ಉದ್ಧಾರವಾಗದಿದ್ದರೆ ದೇವರನ್ನು ಒಳ್ಳೆಯವನೆನ್ನುವ ಮಾತಿಗೇ ಅರ್ಥವಿಲ್ಲವೆಂದು ಗ್ರಂಥವನ್ನೇ ಬರೆದ.

ಈ ವಾದಕ್ಕೆ ಮೂಲವಾದ ಎರಡು ಚಿತ್ರಗಳು ಒಂದೇ ಧರ್ಮಗ್ರಂಥದಲ್ಲಿವೆ. ಒಂದರಲ್ಲಿ ನೂರು ಕುರಿಗಳ ಒಡೆಯ ತಪ್ಪಿಸಿಕೊಂಡ ಒಂದು ಕುರಿಯನ್ನು ಅದು ಸಿಕ್ಕುವ ತನಕ ಹುಡುಕುತ್ತಾನೆ. ಇನ್ನೊಂದರಲ್ಲಿ ಕುರಿಗಳನ್ನು ಬಲಕ್ಕೂ ಆಡುಗಳನ್ನು ಎಡಕ್ಕೂ ಬೇರ್ಪಡಿಸಿ, ಎಡದವರನ್ನು ಬೆಂಕಿಗೆ ಕಳುಹಿಸುತ್ತಾನೆ. ಯಾವ ಚಿತ್ರವನ್ನು ಯಾವುದರ ಬೆಳಕಿನಲ್ಲಿ ಓದಬೇಕೆಂಬುದೇ ಜಗಳವೆಲ್ಲದರ ತಿರುಳು. ಇದು ಮತಶಾಸ್ತ್ರದ ಪ್ರಶ್ನೆಯಾಗಿರುವಷ್ಟೇ ಸಾಹಿತ್ಯ ವಿಮರ್ಶೆಯ ಪ್ರಶ್ನೆಯೂ ಹೌದು.

ಪದದ ಪ್ರಶ್ನೆಯೂ ಇದರಲ್ಲಿ ಸೇರಿದೆ. ಅಗಸ್ಟೀನ್ ಹಿಡಿದ ಆ ವಿಶೇಷಣ ಮೂಲ ಗ್ರೀಕಿನಲ್ಲಿ ‘ಅಯೋನಿಯೋಸ್’. ಅದು ‘ಅಯೋನ್’ ಎಂಬುದರಿಂದ ಬಂದದ್ದು. ‘ಅಯೋನ್’ ಎಂದರೆ ಯುಗ. ಆದ್ದರಿಂದ ಅದು ‘ಯುಗದ’ ದಂಡನೆಯೇ ಹೊರತು ಕೊನೆಯಿಲ್ಲದ ದಂಡನೆಯಲ್ಲವೆಂದು ಸರ್ವೋದ್ಧಾರವಾದಿಗಳು ಹೇಳುತ್ತಾರೆ. ಇಂದು ನಾವು ಓದುವ ಕನ್ನಡ ಬೈಬಲ್ಲಿನಲ್ಲಿ ಆ ಸ್ಥಾನದಲ್ಲಿರುವುದು ‘ನಿತ್ಯ’ ಎಂಬ ಮಾತು. ಕನ್ನಡದ ‘ನಿತ್ಯ’ಕ್ಕೆ ಎರಡು ಮುಖ. ಶಾಸ್ತ್ರದಲ್ಲಿ ಅದು ಆದಿ ಅಂತ್ಯಗಳಿಲ್ಲದ್ದು. ಮನೆಯಲ್ಲಿ ಅದು ದಿನದಿನದ್ದು. ನಿತ್ಯ ಪೂಜೆ, ನಿತ್ಯದ ಗೋಳು ಎನ್ನುವಾಗ ನಮ್ಮ ಮನಸ್ಸಿಗೆ ಬರುವುದು ಅನಂತಕಾಲವಲ್ಲ, ನಾಳೆಯ ಬೆಳಗು. ಹೀಗೆ ಗ್ರೀಕ್ ಪದದ ಸಂದಿಗ್ಧತೆ ಇನ್ನೊಂದು ಬಗೆಯಲ್ಲಿ ನಮ್ಮ ಪದದಲ್ಲಿಯೂ ಉಳಿದುಕೊಂಡಿದೆ.

ಕನ್ನಡಕ್ಕೆ ಬೈಬಲ್ಲನ್ನು ತರುವ ಕೆಲಸ ಬಹುಮಟ್ಟಿಗೆ ನಡೆದದ್ದು ನಮ್ಮ ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಭಾಷಾಂತರಕ್ಕೆ ಕೈಹಾಕಿದ. 1831ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಲ್ಲಿ ಬಂದಿತ್ತು. ಜೊತೆಯ ವಿಲಿಯಂ ರೀವ್ ನಿಘಂಟುಗಳನ್ನು ರಚಿಸಿದ. ಹ್ಯಾಂಡ್ಸ್ ಬಳ್ಳಾರಿಗೆ ಕಾಲಿಡುವ ಹಿಂದಿನ ವರ್ಷ, 1809ರಲ್ಲಿ, ಹೊಳೆಯಾಚೆಯ ಮಾನ್ವಿಯಲ್ಲಿ ಜಗನ್ನಾಥದಾಸರು ಕಾಲವಾಗಿದ್ದರು. ನಿತ್ಯವಾದ ನರಕವೆಂಬ ಕಲ್ಪನೆಯನ್ನು ಹೊರದೇಶದ ಪಾದ್ರಿ ಕನ್ನಡಕ್ಕೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಅದು ಇಲ್ಲಿ ಆಗಲೇ ಇತ್ತು. ಷಟ್ಪದಿಯಲ್ಲಿ ಹಾಡಲ್ಪಟ್ಟೂ ಇತ್ತು.

ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಜೀವರಲ್ಲಿ ಮೂರು ವರ್ಗಗಳನ್ನು ಹೇಳಿದರು. ಮುಕ್ತಿಗೆ ಯೋಗ್ಯರು ಒಂದು ವರ್ಗ, ಸುಖದುಃಖಗಳ ನಡುವೆ ಎಂದೆಂದಿಗೂ ಸುತ್ತುವ ನಿತ್ಯಸಂಸಾರಿಗಳು ಇನ್ನೊಂದು, ತಮೋಯೋಗ್ಯರು ಮೂರನೆಯದು. ಈ ಕೊನೆಯವರ ಗತಿ ಅಂಧಂತಮಸ್ಸು. ಅಲ್ಲಿಂದ ಮರಳುವ ದಾರಿಯಿಲ್ಲ. ಭಾರತದ ಇತರ ವೇದಾಂತಿಗಳು ಹೀಗೆ ಹೇಳಲಿಲ್ಲವಾದ್ದರಿಂದ, ಗ್ರಿಯರ್ಸನ್ನನಂಥ ಪಾಶ್ಚಾತ್ಯ ವಿದ್ವಾಂಸರು ಇದರಲ್ಲಿ ಕ್ರೈಸ್ತರ ಪ್ರಭಾವವನ್ನು ಊಹಿಸಿದರು. ಆ ಊಹೆ ನಿಲ್ಲುವಂಥದಲ್ಲ. ಎಂದೂ ಮುಕ್ತಿ ಪಡೆಯದ ‘ಅಭವ್ಯ’ ಜೀವರನ್ನು ಜೈನರು ಬಹು ಹಿಂದೆಯೇ ಒಪ್ಪಿದ್ದರು. ಇಷ್ಟಲ್ಲದೆ ಎರಡು ಸಿದ್ಧಾಂತಗಳ ಒಳಗಿನ ರಚನೆಯೇ ಬೇರೆ. ಕ್ರೈಸ್ತನ ನರಕ ನ್ಯಾಯಾಧೀಶನ ತೀರ್ಪು. ಮಧ್ವರ ಅಂಧಂತಮಸ್ಸು ಜೀವಸ್ವರೂಪದ ಪೂರ್ಣ ಅಭಿವ್ಯಕ್ತಿ. ಬೇವಿನ ಬೀಜ ಕಹಿಯಾದ ಮರವಾದರೆ ತೋಟಗಾರ ಅದಕ್ಕೆ ಶಿಕ್ಷೆ ವಿಧಿಸಿದನೆಂದು ಯಾರೂ ಹೇಳುವುದಿಲ್ಲವಷ್ಟೆ.

ಈ ನೆಲದಲ್ಲಿ ಇದಕ್ಕೆ ಎದುರಾದ ದನಿಗಳೂ ಇದ್ದವು. ಎಲ್ಲರಿಗೂ ಮಂತ್ರ ಕೇಳಿಸಲೆಂದು ಗೋಪುರವನ್ನೇರಿ ಕೂಗಿ, ಅದರಿಂದ ತನಗೆ ನರಕವಾದರೂ ಆಗಲಿ ಎಂದ ರಾಮಾನುಜರ ಕಥೆ ಮನೆಮಾತಾಗಿದೆ. ಎಲ್ಲರೂ ಮುಕ್ತರಾಗುವ ತನಕ ಒಬ್ಬನ ಮುಕ್ತಿಯೂ ಪೂರ್ಣವಲ್ಲವೆಂಬ ‘ಸರ್ವಮುಕ್ತಿ’ ಪಕ್ಷವನ್ನು ಅದ್ವೈತಿಯಾದ ಅಪ್ಪಯ್ಯ ದೀಕ್ಷಿತರು ವಿಚಾರಮಾಡಿದರು. ಬಸವಣ್ಣನವರು ಸ್ವರ್ಗ ನರಕಗಳನ್ನು ನಮ್ಮ ನಡೆನುಡಿಯೊಳಕ್ಕೇ ತಂದು, ಅವು ಬೇರೆ ಲೋಕಗಳೆಂಬ ಮಾತನ್ನು ಅಲ್ಲಗಳೆದರು.

ಇನ್ನು ಕಾವ್ಯಕ್ಕೆ ಬರೋಣ. ಹರಿಕಥಾಮೃತಸಾರ ಭಾಮಿನೀ ಷಟ್ಪದಿಯಲ್ಲಿ ರಚಿತವಾದ ತತ್ತ್ವಕಾವ್ಯ. ಸಂಸ್ಕೃತವರಿಯದವರಿಗೆ ದ್ವೈತಮತದ ಸಾರವನ್ನು ಮುಟ್ಟಿಸುವುದು ಅದರ ಗುರಿ. ರಾಯಚೂರು, ಬಳ್ಳಾರಿ ಸೀಮೆಯ ಮಾಧ್ವ ಮನೆಗಳಲ್ಲಿ ಅದರ ಪಾರಾಯಣ ಇಂದಿಗೂ ನಡೆಯುತ್ತದೆ. ಮಂಗಳಾಚರಣೆಯ ಬೆನ್ನಿಗೇ ಬರುವುದು ಕರುಣಾಸಂಧಿ. ಇಡೀ ಕಾವ್ಯದಲ್ಲಿ ಜನರ ನಾಲಗೆಯ ಮೇಲೆ ಹೆಚ್ಚಾಗಿ ನಿಂತಿರುವ ಭಾಗ ಅದು. ಅಲ್ಲಿಯ ದೇವರು ಹಾಡುವ ಭಕ್ತನಿಗಿಂತ ಯಾವಾಗಲೂ ಒಂದು ಪಟ್ಟು ಹೆಚ್ಚು ಆತುರವುಳ್ಳವನು.

ಆ ಸಂಧಿಯಲ್ಲಿ ಒಂದು ಉಪಮೆಯಿದೆ. ತಾಯಿ ಕಾಣದೆ ಮಗು ಅವಳನ್ನೇ ನೆನೆನೆನೆದು ಅಳುತ್ತಿದೆ. ತಾಯಿ ದೂರ ಹೋಗಿಲ್ಲ. ಅದೇ ಮನೆಯ ಕತ್ತಲೆಯಲ್ಲಿ ಅಡಗಿ ನಿಂತು, ಮಗುವನ್ನು ನೋಡಿ ಒಳಗೊಳಗೇ ನಗುತ್ತಿದ್ದಾಳೆ. ಸ್ವಲ್ಪ ಹೊತ್ತಿಗೆ ಬಂದು ಅಪ್ಪಿ ಸಮಾಧಾನಪಡಿಸುತ್ತಾಳೆ. ದೇವರೂ ಹೀಗೆಯೇ ಎನ್ನುತ್ತಾರೆ ದಾಸರು. ಈ ಉಪಮೆಯ ಬಲವೆಲ್ಲ ಕತ್ತಲೆಯ ಸ್ವಭಾವದಲ್ಲಿದೆ. ಮಗುವಿಗೆ ಕತ್ತಲೆಯೆಂದರೆ ತಾಯಿ ಇಲ್ಲದಿರುವುದು; ಓದುಗನಿಗೆ ಗೊತ್ತಿದೆ, ಕತ್ತಲೆಯೆಂದರೆ ತಾಯಿ ಇರುವ ಸ್ಥಳ. ದುಃಖವನ್ನು ಕುರಿತು ಇದಕ್ಕಿಂತ ದೊಡ್ಡ ಸಮಾಧಾನದ ಮಾತನ್ನು ಕನ್ನಡದಲ್ಲಿ ನಾನು ಕಂಡಿಲ್ಲ.

ಇದೇ ಕಾವ್ಯದ ಕೊನೆಯ ಭಾಗದಲ್ಲಿ ದೈತ್ಯತಾರತಮ್ಯ ಸಂಧಿ ಬರುತ್ತದೆ. ದೇವತೆಗಳಲ್ಲಿ ಮೇಲಿನವರು ಕೆಳಗಿನವರು ಇರುವಂತೆಯೇ ದೈತ್ಯರಲ್ಲಿಯೂ ಇದ್ದಾರೆ. ಎಲ್ಲರಿಗಿಂತ ಕೆಳಗೆ ಕಲಿ. ಅವರು ಸೇರುವುದೂ ಒಂದು ಕತ್ತಲೆಗೆ. ಆದರೆ ಈ ಕತ್ತಲೆಯಲ್ಲಿ ತಾಯಿ ಅಡಗಿ ನಿಂತಿಲ್ಲ. ಒಂದೇ ಕವಿಯ ಒಂದೇ ಕೃತಿಯಲ್ಲಿ ಹೀಗೆ ಎರಡು ಕತ್ತಲೆಗಳಿವೆ. ಕಳೆದುಹೋದ ಕುರಿ ಮತ್ತು ಎಡಕ್ಕೆ ನಿಲ್ಲಿಸಿದ ಆಡು, ಈ ಎರಡು ಚಿತ್ರಗಳು ಒಂದೇ ಗ್ರಂಥದಲ್ಲಿರುವುದಕ್ಕೆ ಇದು ಸರಿಸಮನಾದ ಉದಾಹರಣೆ.

ಕಾವ್ಯದೃಷ್ಟಿಯಿಂದ ನೋಡಿದರೆ ಈ ಎರಡು ಸಂಧಿಗಳು ಒಂದೇ ಕೈಯಿಂದ ಬಂದಂತೆ ತೋರುವುದಿಲ್ಲ. ಮೊದಲನೆಯದರಲ್ಲಿ ಮನೆ, ತಾಯಿ, ಮಗು, ಹಾಡು, ಕುಣಿತ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಎರಡನೆಯದು ಬಹುಮಟ್ಟಿಗೆ ಶ್ರೇಣಿಯ ಎಣಿಕೆ. ಅಲ್ಲಿ ದೈತ್ಯರ ಹೆಸರುಗಳಿವೆ, ದನಿಯಿಲ್ಲ. ಅವರ ಸ್ವಭಾವವನ್ನು ಬೇರೆಯವರು ಬಣ್ಣಿಸುತ್ತಾರೆ, ಅವರು ಅಳುವುದು ನಮಗೆ ಕೇಳಿಸುವುದಿಲ್ಲ. ಇಟಲಿಯ ಮಹಾಕವಿ ಡಾಂಟೆ ನಿತ್ಯನರಕವನ್ನು ಪೂರ್ಣವಾಗಿ ನಂಬಿದವನು. ಆದರೂ ಅವನ ನರಕದಲ್ಲಿ ಫ್ರಾಂಚೆಸ್ಕ ತನ್ನ ಪ್ರೇಮದ ಕಥೆ ಹೇಳಿಕೊಳ್ಳುತ್ತಾಳೆ. ಕೇಳಿದ ಕವಿ ಮೂರ್ಛೆಹೋಗುತ್ತಾನೆ. ನರಕದವರಿಗೆ ಅವನು ಮಾತು ಕೊಟ್ಟ. ಕೊಟ್ಟದ್ದರಿಂದ ಅವನ ಸಿದ್ಧಾಂತಕ್ಕೆ ಗಾಯವಾಯಿತು, ಕಾವ್ಯ ಬೆಳೆಯಿತು. ನಮ್ಮ ದಾಸರು ಮಾತು ಕೊಡಲಿಲ್ಲ. ಅವರ ಸಿದ್ಧಾಂತ ಗಾಯವಿಲ್ಲದೆ ಉಳಿಯಿತು. ಅಳುವ ದನಿಗೆ ಅಷ್ಟು ಬೇಗ ಕರಗುವ ಕವಿ, ತಮಸ್ಸಿನಲ್ಲಿ ಒಂದು ಅಳುವನ್ನು ಕೇಳಿದ್ದರೆ ತಾಯಿಯನ್ನು ಅಲ್ಲಿಗೂ ಕಳುಹಿಸದೆ ಇರುತ್ತಿದ್ದರೆ ಎಂಬ ಸಂದೇಹ ನನ್ನದು.

ಇದಕ್ಕೆ ಸಿದ್ಧಾಂತಿಗಳು ಕೊಡುವ ಸಮಾಧಾನಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೇವರು ತನ್ನವರ ಬಳಿಗೆ ಓಡಿಬರುವನೆಂದೇ ಕರುಣಾಸಂಧಿಯೂ ಹೇಳುವುದು. ತಮೋಯೋಗ್ಯನು ತಾಯಿಯನ್ನು ನೆನೆದು ಅಳುವವನೇ ಅಲ್ಲ, ದ್ವೇಷವೇ ಅವನ ಉಸಿರು ಎಂಬುದು ಒಂದು. ಸಭೆಯಲ್ಲಿ ಸೀರೆ ಸೆಳೆಸಿಕೊಂಡ ದ್ರೌಪದಿಗೂ ಸೆಳೆದ ದುಶ್ಶಾಸನನಿಗೂ ಕೊನೆಗೆ ಒಂದೇ ಪಂಕ್ತಿಯಲ್ಲಿ ಎಲೆ ಹಾಕುವುದು ಕರುಣೆಯೆ, ಅಥವಾ ದ್ರೌಪದಿಯ ಕಣ್ಣೀರಿಗೆ ಅವಮಾನವೆ ಎಂಬುದು ಇನ್ನೊಂದು. ಎರಡನೆಯದು ಬಲವಾದ ಮಾತು. ಸರ್ವೋದ್ಧಾರದ ಮಾತು ಬಹಳ ಸಲ ನೋವುಂಡವರ ಬಾಯಿಂದ ಬರದೆ, ದೂರ ನಿಂತು ನೋಡಿದವರ ಬಾಯಿಂದ ಬರುತ್ತದೆಂಬುದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಮೊದಲನೆಯ ಸಮಾಧಾನ ಒಂದು ಹೊಸ ತೊಡಕನ್ನು ಹುಟ್ಟಿಸುತ್ತದೆ. ತಾನು ಯಾವ ವರ್ಗದ ಜೀವನೆಂದು ಮನುಷ್ಯ ತಿಳಿಯುವುದು ಹೇಗೆ? ಕರುಣಾಸಂಧಿಯನ್ನು ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದುನಿಂತು, “ಸರ್, ದೇವ್ರು ತನ್ನೋರ ಹತ್ರ ಬರ್ತಾನ ಅಂದ್ರಲ್ಲ, ನಾ ಅವನ ಪೈಕಿ ಹೌದೋ ಅಲ್ಲೋ ಅಂತ ನನಗ ಹೆಂಗ ಗೊತ್ತಾಗಬೇಕು?” ಎಂದು ಕೇಳಿದ. ತರಗತಿ ನಕ್ಕಿತು, ಅವನು ನಗಲಿಲ್ಲ. ಆಯ್ಕೆಯ ಸಿದ್ಧಾಂತವನ್ನು ಕಲಿತ ಕ್ಯಾಲ್ವಿನ್ ಪಂಥದ ಕ್ರೈಸ್ತರನ್ನೂ ಇದೇ ಪ್ರಶ್ನೆ ರಾತ್ರಿಗಳ ನಿದ್ರೆ ಕೆಡಿಸಿ ಕಾಡಿತ್ತು. ಹಾಗೆ ಹೆದರಿ ಕೇಳುವವನು ತಾಯಿಗಾಗಿ ಅಳುತ್ತಿರುವ ಮಗುವೇ ಎಂದು ನಾನು ಅವನಿಗೆ ಹೇಳಿದೆ. ಸಂಪ್ರದಾಯಜ್ಞರು ಒಪ್ಪುವ ಉತ್ತರವೇ ಅದು. ಆದರೆ ಕೇಳಲಾರದವನ ವಿಚಾರ ಅಲ್ಲಿಯೂ ಹಾಗೆಯೇ ಉಳಿಯಿತು.

ದಾಸರ ಜೀವನವನ್ನು ಕುರಿತು ಸಂಪ್ರದಾಯದಲ್ಲಿ ಬಂದಿರುವ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಪೂರ್ವದಲ್ಲಿ ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡಿ ಕುಣಿಯುವ ವಿಜಯದಾಸರನ್ನು ತಿರಸ್ಕಾರದಿಂದ ಕಂಡರು. ಆಮೇಲೆ ಹೊಟ್ಟೆಶೂಲೆಯಿಂದ ನರಳಿದರು. ಕೊನೆಗೆ ವಿಜಯದಾಸರ ಶಿಷ್ಯ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ದಾನಮಾಡಿದರು. ಗುರುವನ್ನು ಹಳಿದವನಿಗೆ ಶಿಷ್ಯ ತನ್ನ ಬಾಳನ್ನೇ ಕೊಟ್ಟ ಕಥೆಯಿದು. ಕಥೆ ನಿಜವೋ ಅಲ್ಲವೋ, ಅದನ್ನು ಉಳಿಸಿಕೊಂಡು ಬಂದ ಸಂಪ್ರದಾಯ ದೈತ್ಯತಾರತಮ್ಯಕ್ಕಿಂತ ಹೆಚ್ಚಾಗಿ ಕರುಣಾಸಂಧಿಯನ್ನೇ ಹೃದಯದಲ್ಲಿಟ್ಟುಕೊಂಡಿತ್ತೆಂದು ನನಗೆ ತೋರುತ್ತದೆ.

ಆ ತಾಯಿ ಮಕ್ಕಳ ಉಪಮೆ ಕನ್ನಡದಲ್ಲಿ ಮುಂದೆ ಇನ್ನೊಂದು ರೂಪ ತಾಳಿತು. ದಾಸರು ತೀರಿಕೊಂಡ ನೂರ ನಲವತ್ತು ವರ್ಷಗಳ ಮೇಲೆ, 1949ರಲ್ಲಿ, ಕುವೆಂಪು ಅವರ ‘ಶ್ರೀ ರಾಮಾಯಣದರ್ಶನಂ’ ಬೆಳಕು ಕಂಡಿತು. ಪಾಪಿಗೂ ಏಳಿಗೆಯ ದಾರಿ ಸೃಷ್ಟಿಯೊಳಗೇ ಇದೆಯೆಂಬುದು ಆ ಮಹಾಕಾವ್ಯದ ನಂಬಿಕೆ. ಮಂಥರೆಗೂ ಅಲ್ಲಿ ಉದ್ಧಾರವುಂಟು. ರಾವಣನಾದರೋ ತಾನು ಅಪಹರಿಸಿ ತಂದ ಸೀತೆಯ ಮಡಿಲಲ್ಲಿ, ಕನಸಿನೊಳಗೆ, ಮಗುವಾಗುತ್ತಾನೆ. ಕಾಮದ ಕಣ್ಣು ಮಗುವಿನ ಕಣ್ಣಾಗುವ ಈ ಪ್ರಸಂಗ, ದಾಸರು ದೈತ್ಯನಿಗೆ ನಿರಾಕರಿಸಿದ ತಾಯಿಯನ್ನು ಅವನಿಗೆ ದೊರಕಿಸಿಕೊಡುತ್ತದೆ. ಕುವೆಂಪು ಅವರು ದಾಸರಿಗೆ ಉತ್ತರವಾಗಿ ಇದನ್ನು ಬರೆದರೆಂದು ನಾನು ಹೇಳುತ್ತಿಲ್ಲ. ಅವರ ದಾರಿ ಬೇರೆ, ಗುರುಗಳು ಬೇರೆ. ಆದರೆ ಕನ್ನಡ ಓದುಗನ ಮನಸ್ಸಿನಲ್ಲಿ ಈ ಎರಡು ಚಿತ್ರಗಳೂ ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ರಾವಣನ ತಾಯಿಯಾಗಿ ಬರುವವಳು ಅವನಿಂದ ನೊಂದವಳೇ. ದ್ರೌಪದಿಯ ಪ್ರಶ್ನೆಗೆ ಉತ್ತರ ಸಿಕ್ಕುವುದಾದರೆ ಈ ದಿಕ್ಕಿನಿಂದ ಸಿಕ್ಕಬೇಕು. ಆದರೂ ಅದು ಕಂಡದ್ದು ರಾವಣನ ಕನಸು, ಸೀತೆಯ ಕನಸಲ್ಲ ಎಂಬುದನ್ನು ಮರೆಯಬಾರದು.

ಕ್ಯಾಥೊಲಿಕ್ ಚಿಂತಕ ಹಾನ್ಸ್ ಉರ್ಸ್ ಫಾನ್ ಬಾಲ್ತಸಾರ್ 1986ರಲ್ಲಿ ಈ ವಾದದಲ್ಲಿ ಒಂದು ಮಧ್ಯಮಾರ್ಗವನ್ನು ಸೂಚಿಸಿದ. ಎಲ್ಲರೂ ಉದ್ಧಾರವಾಗುವರೆಂದು ತಿಳಿದವರಂತೆ ಹೇಳುವ ಅಧಿಕಾರ ನಮಗಿಲ್ಲ. ಆದರೆ ಹಾಗಾಗಲಿ ಎಂದು ಆಶಿಸುವುದು ನಮ್ಮ ಕರ್ತವ್ಯ ಎಂಬುದು ಅವನ ಮಾತಿನ ಸಾರ. ಶಾಸ್ತ್ರಕಾರನಿಗೆ ಇದು ನುಣುಚಿಕೊಳ್ಳುವಿಕೆಯಾಗಿ ಕಾಣಬಹುದು. ಕವಿಗೆ ಇದು ಸಹಜವಾದ ನೆಲೆ. ಕರುಣಾಸಂಧಿಯನ್ನು ಬರೆದವರು ಆಶಿಸಬಲ್ಲವರಾಗಿದ್ದರು. ದೈತ್ಯತಾರತಮ್ಯವನ್ನು ಬರೆಯುವಾಗ ಶಾಸ್ತ್ರಕ್ಕೆ ವಿಧೇಯರಾದರು.

ಆಯ್ದ ಭಾಗಗಳನ್ನು ಅಚ್ಚುಹಾಕುವವರಿಗೆ ಕರುಣಾಸಂಧಿಯನ್ನು ಕೊಟ್ಟು ಅಲ್ಲಿಗೇ ಕೈಬಿಡುವುದು ಸುಲಭ. ಅದರಿಂದ ದಾಸರಿಗೂ ಓದುಗನಿಗೂ ನ್ಯಾಯ ದೊರೆಯುವುದಿಲ್ಲ. ಹರಿಕಥಾಮೃತಸಾರವನ್ನು ಕೈಗೆತ್ತಿಕೊಳ್ಳುವವರು ಎರಡು ಸಂಧಿಗಳನ್ನೂ ಒಂದೇ ದಿನ ಒಟ್ಟಿಗೆ ಓದಬೇಕೆಂದು ನನ್ನ ಸೂಚನೆ. ಎರಡನೆಯದನ್ನು ಓದುವಾಗ ಮೊದಲನೆಯದರ ಮಗುವಿನ ಅಳು ಕಿವಿಯಲ್ಲಿ ಉಳಿದಿದ್ದರೆ, ಕರುಣೆಯನ್ನು ಅಷ್ಟು ಚೆನ್ನಾಗಿ ಹಾಡಿದವರು ಅದಕ್ಕೆ ಎಲ್ಲೆ ಕಟ್ಟಲು ಎಷ್ಟು ತೆತ್ತರೆಂಬುದು ಓದುಗರಿಗೆ ತಾನಾಗಿಯೇ ತಿಳಿಯುತ್ತದೆ.