ಕಟುವಾದ ಮಾತು, ಪರೀಕ್ಷಿಸಿದ ಮಾತು

ಗೌರಿ ಲಂಕೇಶರನ್ನು ನಾವು ಬಹುಮಟ್ಟಿಗೆ ಅವರ ಸಾವಿನ ಮೂಲಕವೇ ನೆನೆಯುತ್ತೇವೆ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ತಮ್ಮ ಮನೆಯ ಮುಂದೆಯೇ ಅವರು ಗುಂಡೇಟಿಗೆ ಬಲಿಯಾದರು. ಆದರೆ ಪತ್ರಕರ್ತೆಯೊಬ್ಬರಿಗೆ ಸಲ್ಲಬೇಕಾದ ನಿಜವಾದ ಗೌರವವೆಂದರೆ ಅವರ ಬರವಣಿಗೆಯನ್ನು ತೂಗಿ ನೋಡುವುದು.

ಇಂಗ್ಲಿಷ್ ಪತ್ರಿಕೋದ್ಯಮದಲ್ಲಿದ್ದ ಗೌರಿಯವರು, ತಂದೆ ಪಿ. ಲಂಕೇಶರು 2000ದಲ್ಲಿ ತೀರಿಕೊಂಡ ಬಳಿಕ ಕನ್ನಡ ವಾರಪತ್ರಿಕೆಯ ಹೊಣೆ ಹೊತ್ತರು. 2005ರಲ್ಲಿ ತಮ್ಮದೇ ಪತ್ರಿಕೆಯನ್ನು ಆರಂಭಿಸಿದರು. ಜಾಹೀರಾತಿನ ಹಂಗಿಲ್ಲದೆ, ಓದುಗರು ಕೊಟ್ಟ ಕಾಸಿನಿಂದಲೇ ಅದು ನಡೆಯಿತು. ಬಾಬಾಬುಡನ್‌ಗಿರಿಯ ಸೌಹಾರ್ದ, ದಲಿತರ ಹಾಗೂ ಅಲ್ಪಸಂಖ್ಯಾತರ ಹಕ್ಕು ಅವರ ಕಾಳಜಿಗಳಾಗಿದ್ದವು. 2014ರಲ್ಲಿ ಹಿರಿಯ ಗಾಂಧಿವಾದಿ ಎಚ್.ಎಸ್. ದೊರೆಸ್ವಾಮಿಯವರೊಂದಿಗೆ ಸೇರಿ, ಸಶಸ್ತ್ರ ಹೋರಾಟ ತೊರೆದ ಇಬ್ಬರು ನಕ್ಸಲ್ ನಾಯಕರನ್ನು ಮುಖ್ಯವಾಹಿನಿಗೆ ಕರೆತಂದದ್ದು ಅವರ ಬಾಳಿನ ಸಾರ್ಥಕ ಕಾರ್ಯಗಳಲ್ಲೊಂದು.

ಹಾಗೆಂದು ಅವರ ಪತ್ರಿಕೆ ದೋಷಮುಕ್ತವಾಗಿರಲಿಲ್ಲ. ವ್ಯಂಗ್ಯವೂ ಛೇಡನೆಯೂ ಅದರ ಶೈಲಿಯೇ ಆಗಿದ್ದವು. ಎದುರಾಳಿಯನ್ನು ನೋಯಿಸುವ ಮಾತು ಒಮ್ಮೊಮ್ಮೆ ಓದುಗನ ಮನವೊಲಿಸುವ ಮಾತನ್ನು ಹಿಂದಕ್ಕೆ ತಳ್ಳುತ್ತಿತ್ತು. 2008ರ ವರದಿಯೊಂದಕ್ಕಾಗಿ 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ನ್ಯಾಯಾಲಯವು ಅವರಿಗೆ ಮಾನಹಾನಿ ಪ್ರಕರಣದಲ್ಲಿ ಆರು ತಿಂಗಳ ಸೆರೆವಾಸ ವಿಧಿಸಿತು, ಜಾಮೀನು ದೊರೆಯಿತು. ಬರಹಕ್ಕೆ ಸೆರೆಮನೆ ಉತ್ತರವಲ್ಲ, ನಿಜ. ಆದರೆ ಕೋಪ ಎಷ್ಟೇ ನ್ಯಾಯವಾಗಿದ್ದರೂ ಅದು ಪುರಾವೆಯ ಜಾಗವನ್ನು ತುಂಬಲಾರದು.

ಈ ದೃಷ್ಟಿಯಿಂದ ಅವರ ಕೊನೆಯ ಸಂಪಾದಕೀಯ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಗಣೇಶೋತ್ಸವಕ್ಕೆ ರಾಜ್ಯ ಸರ್ಕಾರ ಹಲವು ನಿರ್ಬಂಧಗಳನ್ನು ಹೇರಿದೆಯೆಂಬ ವದಂತಿ ಆಗ ಹರಡಿತ್ತು. ಅಂಥ ಆದೇಶವೇ ಇಲ್ಲವೆಂಬುದನ್ನೂ, ಆ ಸುಳ್ಳು ಹುಟ್ಟಿದ್ದೆಲ್ಲಿ ಎಂಬುದನ್ನೂ ಅವರು ಓದುಗರ ಮುಂದಿಟ್ಟರು. ಸುಳ್ಳಿನ ಬೇರನ್ನು ಹುಡುಕಿ ತೋರಿಸುವ ಈ ತಾಳ್ಮೆ ನೂರು ಬಿರುನುಡಿಗಳಿಗಿಂತ ಬಲವಾದದ್ದು.

ಈ ತಾಳ್ಮೆ ಪತ್ರಕರ್ತರಿಗಷ್ಟೇ ಸೇರಿದ್ದಲ್ಲ. 2012ರ ಆಗಸ್ಟ್‌ನಲ್ಲಿ ಮೊಬೈಲ್ ಸಂದೇಶಗಳ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ರೈಲು ಹತ್ತಿ ಬೆಂಗಳೂರನ್ನು ಬಿಟ್ಟರು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಇಂದಿಗೂ ದೂರದ ಊರುಗಳಿಂದ ಬಂದವರು ನಮ್ಮ ನೆರೆಯಲ್ಲೇ ದುಡಿದು ಬಾಳುತ್ತಿದ್ದಾರೆ. ಪರೀಕ್ಷಿಸದೆ ಮುಂದಕ್ಕೆ ದಾಟಿಸಿದ ಒಂದು ಸಂದೇಶ ಅವರ ಅನ್ನವನ್ನೂ ನಿದ್ದೆಯನ್ನೂ ಕಸಿಯಬಲ್ಲದು. ಸುಳ್ಳುಸಾಕ್ಷಿಗೆ ಇಂದು ನ್ಯಾಯಾಲಯದ ಕಟಕಟೆಯೇ ಬೇಕಿಲ್ಲ, ಅಂಗೈಯಲ್ಲಿನ ಮೊಬೈಲು ಸಾಕು. ಗೌರಿಯವರ ಎಲ್ಲ ಅಭಿಪ್ರಾಯಗಳನ್ನು ನಾವು ಒಪ್ಪಬೇಕಾಗಿಲ್ಲ. ಕೊನೆಯ ವಾರ ಅವರು ಕೇಳಿದ ಪ್ರಶ್ನೆಯನ್ನಾದರೂ ನಮ್ಮ ಮನೆಗಳಲ್ಲಿ ಕೇಳೋಣ: ಇದು ನಿಜವೇ? ಹೇಳಿದವರು ಯಾರು?