ರವೆನ್ನಾ ಲೇಖದಲ್ಲಿ ‘ಪ್ರಥಮ’ ಶಬ್ದದ ಅರ್ಥವಿಚಾರ

ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳ ಸಂಯುಕ್ತ ಮಂಡಲಿಯು ಕ್ರಿ. ಶ. 2007ರಲ್ಲಿ ಇಟಲಿಯ ರವೆನ್ನಾ ನಗರದಲ್ಲಿ ಅಂಗೀಕರಿಸಿದ ಲೇಖವು ಸಭಾಧಿಕಾರವನ್ನು ಕುರಿತುದು. ಸ್ಥಳ, ಪ್ರಾಂತ, ವಿಶ್ವ ಎಂಬ ಮೂರು ಭೂಮಿಕೆಗಳಲ್ಲಿಯೂ ಪ್ರಥಮನೂ ಪರಿಷತ್ತೂ ಪರಸ್ಪರಾಪೇಕ್ಷಿಗಳೆಂಬುದೇ ಅದರ ಪ್ರತಿಜ್ಞೆ. ಅಪೊಸ್ತಲರ ಹೆಸರಿನಲ್ಲಿರುವ ನಿಯಮಗಳಲ್ಲಿ 34ನೆಯದನ್ನು ಅದು ಪ್ರಮಾಣವಾಗಿ ಹಿಡಿದಿದೆ. ಬಿಷಪರು ತಮ್ಮೊಳಗಿನ ಪ್ರಥಮನ ಸಮ್ಮತಿಯಿಲ್ಲದೆ ಮಹತ್ಕಾರ್ಯವನ್ನು ಮಾಡಲಾಗದು. ಪ್ರಥಮನೂ ಸರ್ವರ ಸಮ್ಮತಿಯಿಲ್ಲದೆ ಮಾಡಲಾಗದು ಎಂಬುದು ಆ ನಿಯಮದ ತಾತ್ಪರ್ಯ. ಉಭಯಮಾನ್ಯವಾದ ಪ್ರಾಚೀನ ವಿಧಿಯನ್ನು ಆಶ್ರಯಿಸಿದುದು ಲೇಖದ ಗುಣವೆಂಬುದು ನಿರ್ವಿವಾದ.

ಆದರೆ ಆ ವಿಧಿಯು ಒಂದೊಂದು ಜನಾಂಗದ ಬಿಷಪರನ್ನು ಉದ್ದೇಶಿಸಿದುದು. ಅದರ ನ್ಯಾಯವನ್ನು ವಿಶ್ವಭೂಮಿಕೆಗೆ ಒಯ್ಯುವುದು ಅತಿದೇಶ. ಅತಿದೇಶಕ್ಕೆ ಹೇತುವು ಬೇಕು. ಮಾಸ್ಕೋ ಸಭೆಯು 2013ರಲ್ಲಿ ಆಕ್ಷೇಪಿಸಿದುದೂ ಇದನ್ನೇ: ಒಂದೊಂದು ಭೂಮಿಕೆಯ ಪ್ರಾಥಮ್ಯಕ್ಕೂ ಮೂಲವು ಬೇರೆ ಬೇರೆ. ಇನ್ನು 41ನೆಯ ಖಂಡವು ರೋಮಿನ ಬಿಷಪರನ್ನು ಪೇಟ್ರಿಯಾರ್ಕರಲ್ಲಿ ಪ್ರಥಮರೆಂದು ಒಪ್ಪಿ, ಅವರ ವಿಶೇಷಾಧಿಕಾರಗಳ ವಿಷಯದಲ್ಲಿ ಮತಭೇದವುಂಟೆನ್ನುತ್ತದೆ. ಶಬ್ದದಲ್ಲಿ ಐಕ್ಯ, ಅರ್ಥದಲ್ಲಿ ಭೇದ! 1870ರ ವ್ಯಾಟಿಕನ್ ಪರಿಷತ್ತಾದರೋ, ಪೋಪರ ಸಿದ್ಧಾಂತನಿರ್ಣಯವು ಸಭೆಯ ಸಮ್ಮತಿಯಿಂದಲ್ಲ, ಸ್ವತಃ ಅಚಲವೆಂದು ಸಾರಿತು. ನಿಯಮದ ಉತ್ತರಾರ್ಧಕ್ಕೂ ಇದಕ್ಕೂ ಸಮನ್ವಯವೆಂತು? ಮುಖ್ಯವಾದ ಈ ಪ್ರಶ್ನೆಯನ್ನು ಲೇಖವು ಮುಂದಿನವರಿಗೆ ಬಿಟ್ಟಿದೆ.

1439ರಲ್ಲಿ ಫ್ಲಾರೆನ್ಸಿನ ಐಕ್ಯಪತ್ರವೂ ಪೋಪರ ಪ್ರಾಥಮ್ಯವನ್ನು ಹೇಳಿ, ಪೇಟ್ರಿಯಾರ್ಕರ ಹಕ್ಕುಗಳಿಗೆ ಲೋಪವಿಲ್ಲವೆಂದಿತು. ಎಫೆಸದ ಮಾರ್ಕನು ಅಂಕಿತ ಹಾಕಲಿಲ್ಲ. 1484ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಪರಿಷತ್ತು ಅದನ್ನು ತಿರಸ್ಕರಿಸಿತು. ಭೇದವನ್ನು ಮರೆಮಾಡದಿರುವುದರಿಂದ ರವೆನ್ನಾ ಲೇಖವು ಅದಕ್ಕಿಂತ ಶ್ರೇಷ್ಠ. ಆದರೂ ಇದು ಸಂಧಿಯ ಪೀಠಿಕೆಯೇ ಹೊರತು ಸಂಧಿಯಲ್ಲ.