ನಾಲ್ಕು ಪುಟದ ಬಯೋಡೇಟಾ, ಒಂದು ಸಾಲಿನ ಕೆಲಸ

ಅಬುಧಾಬಿಯ ಖಾಲಿದಿಯಾದಲ್ಲಿ ನಮ್ಮ ಕಟ್ಟಡದ ಕೆಳಗೆ ಒಂದು ಟೈಪಿಂಗ್ ಸೆಂಟರ್ ಇದೆ. ವೀಸಾ ಅರ್ಜಿ, ಎಮಿರೇಟ್ಸ್ ಐಡಿ ಫಾರ್ಮು ಎಲ್ಲ ಅಲ್ಲಿ ಅರಬ್ಬಿಯಲ್ಲಿ ಟೈಪಾಗುತ್ತವೆ. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಹುಡುಕುವ ಊರಿನ ಹುಡುಗರು ಬಯೋಡೇಟಾ ಮಾಡಿಸುವುದೂ ಅಲ್ಲೇ. ಕೌಂಟರಿನವರು ಯಾರದೋ ಹಳೆಯ ಫೈಲು ತೆರೆದು, ಹೆಸರು, ಫೋನ್ ನಂಬರ್, ಫೋಟೋ ಬದಲಿಸಿ ಪ್ರಿಂಟ್ ಕೊಡುತ್ತಾರೆ. ಹೀಗೆ ಒಬ್ಬರದ್ದು ಇನ್ನೊಬ್ಬರಿಗೆ, ಅವರದ್ದು ಮತ್ತೊಬ್ಬರಿಗೆ ದಾಟುತ್ತಾ ಬಂದ ಒಂದೇ ಬಯೋಡೇಟಾವನ್ನು ನಾನು ಎಷ್ಟು ಹೆಸರುಗಳಲ್ಲಿ ಓದಿದ್ದೇನೋ ಲೆಕ್ಕವಿಲ್ಲ.

ಕಳೆದ ಚಳಿಗಾಲದಲ್ಲಿ ಬೈಂದೂರು ಕಡೆಯ ಹುಡುಗನೊಬ್ಬ ತನ್ನದನ್ನು ವಾಟ್ಸಾಪಿನಲ್ಲಿ ಕಳಿಸಿದ. "ಅಣ್ಣ, ಇದನ್ನ್ ಯಾರಿಗಾರೂ ಕಳ್ಸಿ ಕಾಣಿ" ಎಂದು ಕೆಳಗೊಂದು ಸಾಲು. ನಾಲ್ಕು ಪುಟ, ಪ್ರತಿ ಪುಟಕ್ಕೂ ಕಪ್ಪು ಚೌಕಟ್ಟು. ಮೊದಲ ಪುಟದಲ್ಲಿ ಫೋಟೋ ಮತ್ತು 'ಆಬ್ಜೆಕ್ಟಿವ್': ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಯೊಂದಿಗೆ ತಾನೂ ಏಳಿಗೆ ಕಾಣುವ ಆಸೆ. ಎರಡನೆಯ ಪುಟದಲ್ಲಿ ಶ್ರಮಜೀವಿ, ಸಮಯಪಾಲಕ, ಟೀಮ್ ಪ್ಲೇಯರ್. ಕೆಲಸದ ಮಾತು ಬಂದದ್ದು ಮೂರನೆಯ ಪುಟದಲ್ಲಿ, ಅದೂ ಒಂದೇ ಸಾಲು: ಎ.ಸಿ. ಟೆಕ್ನಿಷಿಯನ್, ಮಂಗಳೂರು, 5 ವರ್ಷ. ಕೊನೆಯ ಪುಟದಲ್ಲಿ ತಂದೆಯ ಹೆಸರು, ಧರ್ಮ, ಮದುವೆಯಾಗಿದೆಯೇ ಇಲ್ಲವೇ, ಪಾಸ್‌ಪೋರ್ಟ್ ನಂಬರ್, ಮತ್ತು ಮೇಲಿನದೆಲ್ಲ ಸತ್ಯವೆಂಬ ಘೋಷಣೆ.

ಸಂಜೆ ಮನೆಗೆ ಕರೆದು ಚಹಾ ಕೊಟ್ಟು ಕೇಳಿದೆ, "ಮಾರಾಯ, ಆ ಐದು ವರ್ಷ ಕೈಯಲ್ಲಿ ಏನು ಹಿಡಿದು ಕೆಲಸ ಮಾಡಿದೆ, ಅದನ್ನು ಹೇಳು." ಅವನು ಹೇಳುತ್ತಾ ಹೋದ. ತಾಮ್ರದ ಪೈಪಿಗೆ ಬ್ರೇಜಿಂಗ್. ಸೋರಿಕೆ ನೋಡಲು ನೈಟ್ರೋಜನ್ ತುಂಬಿ ಪ್ರೆಷರ್ ಟೆಸ್ಟ್. ವ್ಯಾಕ್ಯೂಮ್ ಪಂಪ್ ಹಾಕಿ ಗಾಳಿ ತೆಗೆದು ಗ್ಯಾಸ್ ಚಾರ್ಜಿಂಗ್, ಹಳೆಯ ಯೂನಿಟ್ಟಿಗೆ ಆರ್-22, ಹೊಸದಕ್ಕೆ ಆರ್-410ಎ, ಆರ್-32. ಆಸ್ಪತ್ರೆಯೊಂದರ ಟೆರೇಸಿನಲ್ಲಿ ಚಿಲ್ಲರ್‌ಗಳ ವಾರ್ಷಿಕ ಮೇಂಟೆನೆನ್ಸ್, ಅದೂ ಎರಡು ವರ್ಷ. ಐಟಿಐನಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಟ್ರೇಡ್, ಎನ್‌ಸಿವಿಟಿ ಸರ್ಟಿಫಿಕೇಟ್. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಈ ಊರಿನಲ್ಲಿ ಇಂಥವನನ್ನು ಹುಡುಕುವ ಕಂಪನಿಗಳಿಗೆ ಕೊರತೆಯಿಲ್ಲ. ಆದರೆ ಅವನು ಹೇಳಿದ ಒಂದು ಮಾತೂ ಆ ನಾಲ್ಕು ಪುಟದಲ್ಲಿ ಇರಲಿಲ್ಲ.

ಈ 'ಗಲ್ಫ್ ಬಯೋಡೇಟಾ'ವನ್ನು ಸುಮ್ಮನೆ ಹೀಗಳೆಯುವುದು ಸರಿಯಲ್ಲ. ಅದು ಹೀಗೆ ಬೆಳೆದದ್ದಕ್ಕೆ ಕಾರಣಗಳಿವೆ. ನಮ್ಮಲ್ಲಿ ಬಯೋಡೇಟಾ ಎಂಬ ಹೆಸರಿನಲ್ಲೇ ಮದುವೆಯ ಸಂಬಂಧವನ್ನೂ ನೋಡುತ್ತಾರೆ, ಕೆಲಸವನ್ನೂ ಹುಡುಕುತ್ತಾರೆ. ಹೀಗಾಗಿ ಕೆಲಸದ ಬಯೋಡೇಟಾದ ಕೊನೆಯ ಪುಟ ಈಗಲೂ ಹುಡುಗನ ಜಾತಕದ ಜೊತೆ ಕಳಿಸುವ ಹಾಳೆಯಂತಿದೆ. ಕರಾವಳಿಯ ಹುಡುಗರು ಮುಂಬೈಗೆ ಹೋಗಿ, ಏಜೆಂಟರ ಆಫೀಸಿನಲ್ಲಿ ಟ್ರೇಡ್ ಟೆಸ್ಟ್ ಕೊಟ್ಟು ವಿಮಾನ ಹತ್ತುತ್ತಿದ್ದ ಕಾಲದಲ್ಲಿ ಏಜೆಂಟರಿಗೆ ಬೇಕಾದದ್ದು ಫೋಟೋ ಮತ್ತು ಪಾಸ್‌ಪೋರ್ಟಿನ ವಿವರ. ಇಲ್ಲಿ ಖಲೀಜ್ ಟೈಮ್ಸ್, ಗಲ್ಫ್ ನ್ಯೂಸ್ ಎರಡೂ 1978ರಲ್ಲಿ ಶುರುವಾದವು. ಅವುಗಳ ಜಾಹೀರಾತು ಪುಟ ನೋಡಿ ಪಿ.ಒ. ಬಾಕ್ಸಿಗೆ ಕಳಿಸುವ ಲಕೋಟೆಯಲ್ಲಿ ಎಲ್ಲವನ್ನೂ ಒಮ್ಮೆಗೇ ತುಂಬಿಬಿಡುವುದೇ ಜಾಣತನವಾಗಿತ್ತು.

ಈಗ ಆ ಅಗತ್ಯವಿಲ್ಲ. ಈ ದೇಶದ 2021ರ 33ನೇ ಸಂಖ್ಯೆಯ ಕಾರ್ಮಿಕ ಕಾನೂನು ಜನಾಂಗ, ಬಣ್ಣ, ಲಿಂಗ, ಧರ್ಮ, ರಾಷ್ಟ್ರೀಯ ಮೂಲ ಇವುಗಳ ಮೇಲೆ ತಾರತಮ್ಯ ಮಾಡಬಾರದು ಎನ್ನುತ್ತದೆ. ಹಾಗಿರುವಾಗ ಧರ್ಮದ ಕಾಲಂ ನಾವಾಗಿಯೇ ಯಾಕೆ ತುಂಬಬೇಕು? ಪಾಸ್‌ಪೋರ್ಟ್ ನಂಬರ್ ಬರೆಯುವುದಂತೂ ಅಪಾಯ. ಹತ್ತಾರು ಗ್ರೂಪುಗಳಲ್ಲಿ ಸುತ್ತುವ ಹಾಳೆಯದು. ಹುಟ್ಟಿದ ತಾರೀಕು, ಫೋಟೋ, ಪಾಸ್‌ಪೋರ್ಟ್ ನಂಬರ್ ಮೂರೂ ಒಂದೇ ಕಡೆ ಸಿಕ್ಕರೆ ನಕಲಿ ಆಫರ್ ಲೆಟರ್ ತಯಾರಿಸುವವರಿಗೆ ಬೇರೇನೂ ಬೇಕಿಲ್ಲ.

ರೆಸ್ಯೂಮೆ ಎಂದರೆ ಫ್ರೆಂಚಿನಲ್ಲಿ ಸಾರಾಂಶ. ಸಿ.ವಿ.ಯ ಲ್ಯಾಟಿನ್ ಅರ್ಥ ಬದುಕಿನ ಹಾದಿ. ಇಲ್ಲಿ ಎರಡೂ ಹೆಸರು ಒಂದೇ ಹಾಳೆಗೆ ನಡೆಯುತ್ತವೆ. ಪ್ರಕಟಿತ ಲೇಖನಗಳನ್ನೆಲ್ಲ ಪಟ್ಟಿ ಮಾಡುವ ನಿಜವಾದ ಉದ್ದದ ಸಿ.ವಿ. ಬೇಕಾಗುವುದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವರಿಗೆ ಮಾತ್ರ. ಉಳಿದವರಿಗೆ ಎರಡು ಪುಟ ಸಾಕು. ಆ ಎರಡು ಪುಟವನ್ನು ಯಾವ ಕ್ರಮದಲ್ಲಿ ಬರೆಯಬೇಕು ಎನ್ನುವುದೇ ಮುಖ್ಯ.

ಈಗಿನ ಕೆಲಸ ಮೊದಲು, ಹಳೆಯದು ಆಮೇಲೆ ಎಂದು ಇಸವಿಯ ಪ್ರಕಾರ ಹಿಂದಕ್ಕೆ ಹೋಗುವ ಕ್ರಮವೇ ಹೆಚ್ಚಿನವರಿಗೆ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಬರುವ ಹೆಣ್ಣುಮಕ್ಕಳಿಗೆ ಬೇರೆ ದಾರಿಯೇ ಇಲ್ಲ. ಅಬುಧಾಬಿಯಲ್ಲಿ ಆರೋಗ್ಯ ಇಲಾಖೆಯ ಡಿ.ಒ.ಎಚ್. ಲೈಸೆನ್ಸ್, ದುಬೈಯಲ್ಲಿ ಡಿ.ಎಚ್.ಎ. ಲೈಸೆನ್ಸ್ ಬೇಕು. ಅದಕ್ಕೂ ಮೊದಲು ಡೇಟಾಫ್ಲೋ ಎಂಬ ಪರಿಶೀಲನೆಯಲ್ಲಿ ಪ್ರಮಾಣಪತ್ರಗಳನ್ನು ಕೊಟ್ಟ ಕಾಲೇಜನ್ನೂ ಆಸ್ಪತ್ರೆಯನ್ನೂ ನೇರವಾಗಿ ಕೇಳುತ್ತಾರೆ. ಬಯೋಡೇಟಾದ ತಿಂಗಳಿಗೂ ಅನುಭವ ಪತ್ರದ ತಿಂಗಳಿಗೂ ತಾಳೆಯಾಗದಿದ್ದರೆ ಅಲ್ಲೇ ತಕರಾರು. ಆದ್ದರಿಂದ ನರ್ಸ್ ಬಯೋಡೇಟಾದ ಮೊದಲ ಸಾಲು ಲೈಸೆನ್ಸಿನ ಸ್ಥಿತಿ. ಆಮೇಲೆ ಯಾವ ವಾರ್ಡು, ಎಷ್ಟು ಹಾಸಿಗೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ.

ಕೌಶಲಗಳನ್ನಷ್ಟೇ ಮುಂದಿಟ್ಟು ಇಸವಿಗಳನ್ನು ಹಿಂದಕ್ಕೆ ಸರಿಸುವ ಇನ್ನೊಂದು ಬಗೆಯಿದೆ. ಗಂಡನ ವೀಸಾದಲ್ಲಿ ಬಂದು, ಮಕ್ಕಳು ಶಾಲೆಗೆ ಹೋಗುವವರೆಗೆ ಮನೆಯಲ್ಲಿದ್ದು ಈಗ ಮತ್ತೆ ಕೆಲಸ ಹುಡುಕುವ ಹೆಣ್ಣುಮಕ್ಕಳಿಗೆ ಇದನ್ನೇ ಸಲಹೆ ಮಾಡುತ್ತಾರೆ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಇಸವಿ ಕಾಣದಿದ್ದರೆ ಓದುವವರಿಗೆ ಮೊದಲು ಬರುವುದು ಅನುಮಾನ. ಬೆಂಗಳೂರಿನ ಬ್ಯಾಂಕಿನಲ್ಲಿ ಏಳು ವರ್ಷ ದುಡಿದ ಗೆಳತಿಯೊಬ್ಬರು ಹೀಗೆ ಮುಚ್ಚಿಟ್ಟು ಬರೆದು ತಿಂಗಳುಗಟ್ಟಲೆ ಕಾದರು. ಆಮೇಲೆ "2018ರಿಂದ 2024: ಮಕ್ಕಳ ಪಾಲನೆ, ಅಬುಧಾಬಿ" ಎಂದು ನೇರವಾಗಿ ಬರೆದು, ಗಂಡನ ಸ್ಪಾನ್ಸರ್‌ಶಿಪ್ ಇದೆ ಎಂಬುದನ್ನೂ ಸೇರಿಸಿದರು. ಸಂದರ್ಶನದಲ್ಲಿ ಆ ಆರು ವರ್ಷದ ಬಗ್ಗೆ ಯಾರೂ ಕೇಳಲಿಲ್ಲ. ಮನೆ ಮಕ್ಕಳನ್ನು ನೋಡಿಕೊಂಡ ವರ್ಷಗಳನ್ನು ಬಚ್ಚಿಡಬೇಕಾದ ತಪ್ಪು ಎಂದು ಹೇಳಿಕೊಡುವ ಮಾದರಿ ನನಗೆ ಬೇಡ.

ಎರಡನ್ನೂ ಕೂಡಿಸಿದ ಬಗೆ ಕೈಕೆಲಸದವರಿಗೆ ಹೇಳಿ ಮಾಡಿಸಿದ್ದು. ವೆಲ್ಡರ್, ಎಲೆಕ್ಟ್ರಿಷಿಯನ್, ಅಡುಗೆಯವರು, ಹೆವಿ ಡ್ರೈವರ್ ಇವರೆಲ್ಲ ಏನು ಮಾಡಬಲ್ಲರು ಎನ್ನುವುದು ಆರೇಳು ಸಾಲಿನಲ್ಲಿ ಮೇಲೆ ಬರಲಿ, ಎಲ್ಲಿ ಯಾವಾಗ ಎನ್ನುವುದು ಕೆಳಗೆ. ಇವರು ಎಸ್‌ಎಸ್‌ಎಲ್‌ಸಿಯ ಸಾಲು ಬಿಡಬಾರದು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇ.ಸಿ.ಆರ್. ವರ್ಗಕ್ಕೆ ಬರುತ್ತದೆ, ಆ ವರ್ಗದವರು ದುಡಿಯಲು ಹೊರಡುವಾಗ ವಲಸೆ ಅನುಮತಿ ಪಡೆಯಬೇಕಾದ 18 ದೇಶಗಳಲ್ಲಿ ಯು.ಎ.ಇ.ಯೂ ಒಂದು.

ಇನ್ನು ಎಡಕ್ಕೊಂದು ಬಣ್ಣದ ಪಟ್ಟಿ, ಕೌಶಲಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಹಾಕಿಕೊಳ್ಳುವ ಹೊಸ ವಿನ್ಯಾಸಗಳು. ದೊಡ್ಡ ಕಂಪನಿಗಳಲ್ಲಿ ಬಯೋಡೇಟಾವನ್ನು ಮೊದಲು ಓದುವುದು ಸಾಫ್ಟ್‌ವೇರ್. ಎರಡು ಕಾಲಂ ಇದ್ದರೆ ಅದು ಆಚೆಯ ಸಾಲನ್ನು ಈಚೆಯ ಸಾಲಿಗೆ ಬೆರೆಸಿಬಿಡಬಹುದು. ನಕ್ಷತ್ರ ಅದಕ್ಕೆ ಅರ್ಥವಾಗುವುದೇ ಇಲ್ಲ.

ಅಮೆರಿಕ, ಬ್ರಿಟನ್ನಿನವರಿಗೆಂದು ಬರೆದ ಕೈಪಿಡಿಗಳು ಸ್ವಂತ ವಿವರ ಏನೂ ಬೇಡ ಎನ್ನುತ್ತವೆ. ಅದನ್ನೂ ಹಾಗೆಯೇ ಇಲ್ಲಿಗೆ ತರಬೇಡಿ. ಹೆಸರಿನ ಕೆಳಗೆ ಮೂರು ಸಾಲು ಬೇಕೇ ಬೇಕು: ವೀಸಾ ಯಾವುದು ಮತ್ತು ಯಾವತ್ತಿನವರೆಗೆ, ಎಷ್ಟು ದಿನದಲ್ಲಿ ಕೆಲಸಕ್ಕೆ ಸೇರಬಹುದು, ಯು.ಎ.ಇ. ಡ್ರೈವಿಂಗ್ ಲೈಸೆನ್ಸ್ ಇದೆಯೇ. ಜೊತೆಗೆ ಭಾಷೆಗಳ ಸಾಲು. ನಮ್ಮವರು ಇಂಗ್ಲಿಷ್, ಹಿಂದಿ, ಇಲ್ಲಿ ರೂಮಿನಲ್ಲಿ ಕಲಿತ ಮಲಯಾಳಂ ಬರೆಯುತ್ತಾರೆ. ತುಳು, ಬ್ಯಾರಿ, ಕೊಂಕಣಿ ಬಿಟ್ಟೇ ಬಿಡುತ್ತಾರೆ, ಎಷ್ಟೋ ಸಲ ಕನ್ನಡವನ್ನೂ. ಇದು ನನಗೆ ತುಂಬ ನೋವು ಕೊಡುವ ಸಂಗತಿ. ಸೈಟಿನಲ್ಲಿ, ಆಸ್ಪತ್ರೆಯ ಕೌಂಟರಿನಲ್ಲಿ ಕರಾವಳಿಯ ಜನರೊಂದಿಗೆ ದಿನವೂ ವ್ಯವಹರಿಸುವ ಕಂಪನಿಗೆ ಆ ಭಾಷೆಗಳೂ ಅರ್ಹತೆಯೇ.

ಬೈಂದೂರಿನ ಹುಡುಗನದ್ದು ಆ ರಾತ್ರಿ ಎರಡು ಪುಟಕ್ಕೆ ಇಳಿಯಿತು. ಚೌಕಟ್ಟು ಹೋಯಿತು, ಆಬ್ಜೆಕ್ಟಿವ್ ಹೋಯಿತು, ಬ್ರೇಜಿಂಗ್ ಮತ್ತು ಚಿಲ್ಲರ್ ಮೊದಲ ಪುಟಕ್ಕೆ ಬಂದವು. ಮೂರನೆಯ ವಾರ ಮುಸಾಫಾದ ಕಂಪನಿಯೊಂದರಿಂದ ಟ್ರೇಡ್ ಟೆಸ್ಟಿಗೆ ಕರೆ ಬಂತು. ಅಲ್ಲಿ ಮೊದಲು ಮಾಡಿಸಿದ್ದು ಬ್ರೇಜಿಂಗ್ ಅಂತೆ.

ಇಲ್ಲಿ ನೆಲೆಯೂರಿರುವ ನನ್ನಂಥವರಲ್ಲಿ ಒಂದು ಕೋರಿಕೆ. ಊರಿನ ಹುಡುಗರ ಬಯೋಡೇಟಾ ನಿಮ್ಮ ಫೋನಿಗೆ ಬಂದರೆ ತೆರೆದು ನೋಡದೆ ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ. ಫೋನ್ ಮಾಡಿ, ಏನು ಕೆಲಸ ಮಾಡಿದ್ದೀಯ ಎಂದು ಕೇಳಿ. ಅವರು ಹೇಳಿದ್ದು ಆ ಹಾಳೆಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಬರೆಸಿ, ಆಮೇಲೆ ಕಳಿಸಿ.